ವಿಯೆನ್ನಾದ ಎರಡು ಹೋಟೆಲು

ಸ್ನಾನದ ತೊಟ್ಟಿ ಕಿಟಕಿಗೇ ಅಂಟಿಕೊಂಡಿದೆ, ಬಿಳಿ ತೊಟ್ಟಿ, ಸಿಂಹದ ಪಾದದಂಥ ಕಾಲುಗಳು, ಮೀಯುವವರು ಯಾರಿಗೆ ಕಾಣಲೆಂದು ಅಲ್ಲಿಟ್ಟಿದ್ದಾರೋ, ಐಶ್ವರ್ಯಾ ಅಂದುಕೊಳ್ಳುವಷ್ಟರಲ್ಲಿ ಗಂಡ ಸಿದ್ಧಲಿಂಗೇಶ ಪರದೆಯ ಮೇಲಿನ ಚಿತ್ರವನ್ನು ಸರಿಸಿಯೇಬಿಟ್ಟ, ಇದು ಉದ್ಯಾನದ ಪಕ್ಕದ್ದು, ಆಪೆರಾ ಮಂದಿರದ ಎದುರಿನದರಲ್ಲಿ ತೊಟ್ಟಿ ಇಲ್ಲ, ಆದ್ರೆ ತಿಂಡಿ ಚೆನ್ನಾಗಿರುತ್ತಂತೆ — ಅಂತೆ, ಅಂತೆ, ತಿಂಗಳಿಂದ ಈ ಅಂತೆಗಳನ್ನೇ ಉಂಡು ಹೊಟ್ಟೆ ಉಬ್ಬಿದೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ವಿಯೆನ್ನಾ ನೋಡಿ ಬರೋಣ ಎಂದು ಹಟ ಹಿಡಿದವನೂ ಇವನೇ, ಈಗ ಮೇಜಿನ ಮೇಲೆ ಊಟದ ತಟ್ಟೆಗೆ ಜಾಗವಿಲ್ಲ, ಎರಡು ಲ್ಯಾಪ್‌ಟಾಪು, ಒಂದೊಂದರಲ್ಲಿ ಒಂದೊಂದು ಅರಮನೆ, ಸಾರು ಆರುತ್ತಿದೆ, ಕೆಳಗೆ ಪಬ್ಬಿನವರು ಶನಿವಾರವೆಂದು ಮಧ್ಯಾಹ್ನಕ್ಕೇ ಡಬಡಬ ಶುರುಮಾಡಿದ್ದಾರೆ, ಅವನಿಗೆ ಮಾತ್ರ ಆಪೆರಾ ಕಡೆ ಟ್ರಾಮಿನ ಸದ್ದು ಬಂದರೇನು ಗತಿ ಎಂಬ ಚಿಂತೆ, ನೂರಡಿ ರಸ್ತೆಯ ಪಕ್ಕ ಗೊರಕೆ ಹೊಡೆಯುವವನಿಗೆ ಟ್ರಾಮು! ಸೋಫಾ ಕೊಳ್ಳುವಾಗಲೂ ಹೀಗೇ, ಮಗಳು ಶಿವಾನಿಯ ಕಾಲೇಜಿಗೂ ಹೀಗೇ, ಕೊನೆಗೆ ಬೇಸತ್ತು ಹುಡುಗಿಯೇ ಒಂದಕ್ಕೆ ಸೇರಿಕೊಂಡು ಬಂದಳು — ಮೊದಲು ಹೀಗಿರಲಿಲ್ಲವಲ್ಲ ಈ ಮನುಷ್ಯ, ಹೆಣ್ಣು ನೋಡಲು ಬಂದು ಉಪ್ಪಿಟ್ಟು ಮುಗಿಸುವ ಮುಂಚೆಯೇ ನನಗೆ ಒಪ್ಪಿಗೆ ಅಂದಿದ್ದ, ಅವನ ತಾಯಿ ಪಾರ್ವತೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಸಾಕು ರೀ, ತೊಟ್ಟಿ ಇರೋದನ್ನೇ ಬುಕ್ ಮಾಡಿ, ಅಂದಳು, ದನಿ ಏರಿತ್ತು. ಅವನು ತಲೆಯೆತ್ತಲಿಲ್ಲ. ಅದು ತಪ್ಪಾಗ್ಬಿಟ್ರೆ, ಐಶು?

ಹೋಟೆಲು ಕಣ್ರೀ, ಅದರಲ್ಲೇನು ತಪ್ಪು — ಬಾಯಿಗೆ ಬಂದದ್ದು ಅಲ್ಲೇ ನಿಂತಿತು, ಅವನ ಬೆರಳು ಓಡಾಡುತ್ತಿತ್ತು, ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಒಂದಕ್ಕೆ, ಆ ದಿನದ ಹಲಸೂರಿನ ಸಿಗ್ನಲ್ಲು, ಎರಡು ವರ್ಷವಾಯಿತೇ ಆಗಲೇ, ಹಿಂದಿನ ಸೀಟಿನಲ್ಲಿ ಅತ್ತೆ ತನ್ನ ತೋಳಿಗೆ ಒರಗಿದ್ದಾರೆ, ಎದೆನೋವು, ಮೈಯೆಲ್ಲ ಬೆವರು, ಎಡಕ್ಕೆ ಹೋದರೆ ಒಂದು ಆಸ್ಪತ್ರೆ, ನೇರಕ್ಕೆ ಇನ್ನೊಂದು, ಅವನು ಒಂದು ಕ್ಷಣವೂ ಯೋಚಿಸಲಿಲ್ಲ, ದೊಡ್ಡದಕ್ಕೇ ಹೋಗೋಣ ಎಂದು ನೇರ ನಡೆಸಿದ, ಮುಂದೆ ಬಸ್ಸು ಕೆಟ್ಟು ರಸ್ತೆ ಕಟ್ಟಿಕೊಂಡಿತ್ತು. ಇನ್ನೊಂದಕ್ಕೆ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ, ಹೇಳಲಾಗದು ಎಂದರು ಡಾಕ್ಟರು, ಆದರೆ ಮಣ್ಣು ಮಾಡಿ ಬಂದ ದಿನ ಇವನ ಚಿಕ್ಕಪ್ಪ ದತ್ತು ಕಾಕಾ ಪಡಸಾಲೆಯಲ್ಲಿ ಎಲ್ಲರ ಮುಂದೆ ಅಂದರಲ್ಲ, ಎಡಕ್ಕ ಹೊಳ್ಳಿದ್ದರ ಉಳೀತಿದ್ಲು ನೋಡು. ಇವನು ಆಗ ಅಳಲೂ ಇಲ್ಲ, ಮರುವಾರ ಸೋಫಾ ನೋಡಲು ಹೋಗಿ ಬರಿಗೈಲಿ ಬಂದ — ಹೌದು, ಇದು ಶುರುವಾದದ್ದು ಅಲ್ಲಿಂದಲೇ, ಸೋಫಾದಿಂದಲೇ, ತಾನು ಅದನ್ನೂ ಜಿಪುಣತನ ಅಂದುಕೊಂಡು ರೇಗಿದ್ದಳು. ಈಗಲೂ ರೇಗುತ್ತಿದೆ, ಅವನ ಮೇಲೋ ಆ ಕಾಕಾನ ಮೇಲೋ, ಅವಳು ಕುರ್ಚಿ ಎಳೆದುಕೊಂಡು ಪಕ್ಕ ಕುಳಿತಳು, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿ ತೊಟ್ಟಿಯ ಹೋಟೆಲನ್ನು ಒತ್ತಿದಳು. ನಾನು ಮಾಡ್ದೆ. ತಪ್ಪಾದ್ರೆ ನಂದು. ಅವನು ಉಸಿರು ಬಿಟ್ಟ, ಉದ್ದಕ್ಕೆ, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ, ಭುಜ ಕುಲುಕುತ್ತಿದೆ, ಆ ಭುಜದ ಮೇಲೆ ಅವತ್ತು, ಕಾರು ಅಲುಗಾಡದೆ ನಿಂತಿದ್ದಾಗ, ಎರಡು ಸೀಟಿನ ನಡುವಿನಿಂದ ಪಾರ್ವತೆವ್ವನ ಕೈ ಮುಂದೆ ಹೋಗಿತ್ತು, ಗಾಬರಿ ಆಗಬ್ಯಾಡೋ ಯಪ್ಪಾ, ಮಗುವನ್ನು ಮಲಗಿಸುವ ಹಾಗೆ ತಟ್ಟುತ್ತಿತ್ತು, ಹಸಿರು ಬಳೆಯ ಕೈ, ತಟ್ಟುತ್ತಿತ್ತು, ತಟ್ಟುತ್ತಿತ್ತು, ಆಮೇಲೆ ಸುಮ್ಮನೆ ಅಲ್ಲೇ ಇತ್ತು, ಆ ಕೈ —