ಬರಿಗಾಲಿನ ಸವಾರಿ

ಕನ್ನಡಕದ ಅಂಗಡಿಯ ಯಜಮಾನರಿಗೆ ಕ್ಯಾಪ್ಟನ್ ಎಂಬ ಬಿರುದು ಸಿಕ್ಕಿದ್ದು ಸೈನ್ಯದಿಂದಲೂ ಅಲ್ಲ, ಆಟದ ಮೈದಾನದಿಂದಲೂ ಅಲ್ಲ. ಅವರು ಕೊಂಡ ಕಾರಿನಿಂದ. ಕಾರು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಅದು ಎಸ್‌ಯುವಿ. ಉದ್ದದಲ್ಲಿ ಪಕ್ಕದ ಮನೆಯವರ ಹಳೇ ಕಾರಿಗಿಂತ ಒಂದು ಗೇಣು ಕಡಿಮೆ, ಎತ್ತರದಲ್ಲಿ ಒಂದು ಗೇಣು ಜಾಸ್ತಿ. ಆ ಒಂದು ಗೇಣಿನ ಮೇಲೆ ಕೂತು ಅವರು ಲೋಕವನ್ನೆಲ್ಲ ಕೆಳಗೆ ನೋಡುತ್ತಿದ್ದರು. "ಕಾಡಾಗ್ಲಿ, ಗುಡ್ಡ ಆಗ್ಲಿ, ಎಲ್ಲಿಗೆ ಬೇಕಾದ್ರೂ ನುಗ್ಗುತ್ತೆ" ಎಂದು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾ ಹೇಳುತ್ತಿದ್ದರು. ಅದು ಈವರೆಗೆ ನುಗ್ಗಿದ್ದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ದಾರಿಯಲ್ಲಿ ನೀರಿನ ಪೈಪಿಗೆಂದು ಅಗೆದು ಮುಚ್ಚದೆ ಬಿಟ್ಟ ಗುಂಡಿಯೊಂದಿತ್ತು. ಅದಕ್ಕೆ ಹೆದರಿ ಕ್ಯಾಪ್ಟನ್ನರು ದಿನಾ ಹಿಂದಿನ ಬೀದಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಅದೇ ಮಾದರಿಯ ಗಾಡಿ ಇಟ್ಟುಕೊಂಡವರದ್ದೊಂದು ವಾಟ್ಸಾಪ್ ಗುಂಪಿತ್ತು. ಬಿರುದು ಕೊಟ್ಟವರು ಆ ಗುಂಪಿನವರೇ. ಅಲ್ಲಿ ಯಾರಾದರೂ ಗಾಡಿಯ ದೂರು ಹೇಳಿಕೊಂಡರೆ ಸಾಕು, ಕ್ಯಾಪ್ಟನ್ನರಿಗೆ ಮೈಯೆಲ್ಲ ಉರಿ. ಬಾಗಿಲು ಕಿರುಗುಟ್ಟುತ್ತದೆ ಎಂದವನಿಗೆ "ಮೊದಲು ಬಾಗಿಲು ಹಾಕೋದು ಕಲೀರಿ" ಎಂದಿದ್ದರು. ಹಲ್ಲಿನ ಡಾಕ್ಟರಮ್ಮ ಒಬ್ಬರು, ಬ್ಯಾಟರಿ ಮೇಲಿಂದ ಮೇಲೆ ಕೈಕೊಡುತ್ತಿದೆ, ಯಾರಿಗಾದರೂ ಹೀಗಾಗಿದೆಯಾ ಎಂದು ಪಾಪ ಮರ್ಯಾದೆಯಿಂದಲೇ ಕೇಳಿದ್ದರು. "ಗಾಡಿ ತಪ್ಪಲ್ಲ ಮೇಡಂ, ಇಟ್ಕೊಂಡೋರ ತಪ್ಪು. ಗಾಡಿ ಜೊತೆ ಕೊಟ್ಟಿರೋ ಪುಸ್ತಕ ಓದಿ" ಎಂದು ಬರೆದು ಕೆಳಗೊಂದು ಹೆಬ್ಬೆರಳಿನ ಚಿತ್ರ ಒತ್ತಿದರು ಕ್ಯಾಪ್ಟನ್ನರು. ಆಕೆ ಗುಂಪನ್ನೇ ಬಿಟ್ಟು ಹೋದರು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಕ್ಯಾಪ್ಟನ್ನರು ಅದನ್ನು ದೊಡ್ಡ ಗೆಲುವೆಂಬಂತೆ ಮನೆಯವರಿಗೆ ಓದಿ ಹೇಳಿದರು.

ಗಾಡಿ ಇಟ್ಟುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ, ಅದು ಮಾತ್ರ ನಿಜ. ಶೋರೂಮಿನಿಂದ ಬಂದ ಸೀಟಿನ ಪ್ಲಾಸ್ಟಿಕ್ಕನ್ನು ಅವರು ಕಿತ್ತಿರಲಿಲ್ಲ. ಅದರ ಮೇಲೆ ರೆಕ್ಸಿನ್ ಕವರು, ರೆಕ್ಸಿನ್ ಮೇಲೆ ಮತ್ತೊಂದು ದಪ್ಪ ಪ್ಲಾಸ್ಟಿಕ್. ಹಿಂದಿನ ಸೀಟಿನ ಬೆನ್ನನ್ನು ಮಡಚಲು ಮೇಲ್ಗಡೆ ಒಂದು ಹಿಡಿ ಇರುತ್ತದಲ್ಲ, ಅದು ಸವೆದುಹೋದೀತೆಂದು ಅದನ್ನೂ ಕವರಿನೊಳಗೆ ಸೇರಿಸಿ ಹೊಲಿಸಿದ್ದರು.

"ಆಮೇಲೆ ಸೀಟು ಮಡಚೋದು ಹೇಗ್ರೀ?" ಎಂದು ಹೆಂಡತಿ ಕೇಳಿದ್ದಳು.

"ಮಡಚೋಕೆ ನಾನೇನು ಹಾಸಿಗೆ ತಂದಿದೀನಾ?"

ಎಲ್ಲಕ್ಕಿಂತ ದೊಡ್ಡ ಕಾನೂನು ಕಾಲಿನದು. ಗಾಡಿ ಹತ್ತುವವರು ಗೇಟಿನ ಹತ್ತಿರವೇ ಚಪ್ಪಲಿ, ಶೂ ಬಿಚ್ಚಬೇಕು. ಬಿಚ್ಚಿದ್ದೆಲ್ಲ ಒಂದು ಬಟ್ಟೆ ಚೀಲಕ್ಕೆ, ಚೀಲ ಡಿಕ್ಕಿಗೆ. ಆಮೇಲೆ ಹಳೇ ಟವೆಲ್ಲಿನಿಂದ ಅಂಗಾಲು ಒರೆಸಿಕೊಂಡು ಒಳಗೆ ಬರಬೇಕು. ಕ್ಯಾಪ್ಟನ್ನರಿಗೆ ಮಾತ್ರ ಗಾಡಿಯೊಳಗೇ ವಾಸವಿರುವ ಬಿಳಿ ಕ್ಯಾನ್ವಾಸ್ ಶೂ ಒಂದು ಜೊತೆ ಇತ್ತು. ಸೀಟಿನ ಮೇಲೆ ಅಡ್ಡಡ್ಡ ಕೂತು, ಎರಡೂ ಕಾಲು ಗಾಳಿಯಲ್ಲೆತ್ತಿ ಅದನ್ನು ಹಾಕಿಕೊಳ್ಳುತ್ತಿದ್ದರು. ಆ ಶೂ ಹುಟ್ಟಿದ ಮೇಲೆ ನೆಲವನ್ನೇ ಕಂಡಿರಲಿಲ್ಲ. ಅವರ ತಂಗಿ ಒಂದು ಸಲ ಮದುವೆಗೆಂದು ಸಿಂಗರಿಸಿಕೊಂಡು ಬಂದವಳು ಟವೆಲ್ ನೋಡಿದಳು. "ಅಣ್ಣಾ, ನಾನು ಆಟೋದಲ್ಲೇ ಬರ್ತೀನಿ ಬಿಡು. ಅಲ್ಲಿ ಕಾಲು ಹೇಗಿದ್ರೂ ನಡೆಯುತ್ತೆ" ಎಂದು ಹೊರಟೇಬಿಟ್ಟಳು. ಹೊಟ್ಟೆಕಿಚ್ಚು ಎಂದರು ಕ್ಯಾಪ್ಟನ್ನರು.

ಹೀಗಿರುವಾಗ ಮಗಳಿಗೆ ಆಸ್ಪತ್ರೆಯಿಂದ ಕರೆ ಬಂತು. ರಕ್ತ ಪರೀಕ್ಷೆಯ ಕೋರ್ಸು ಮುಗಿಸಿ ಅವಳು ಮನೆಯಲ್ಲಿ ಕೂತು ಬಹಳ ದಿನವಾಗಿತ್ತು. ಸಣ್ಣಪುಟ್ಟ ಲ್ಯಾಬುಗಳೆಲ್ಲ ಅನುಭವ ಇದೆಯಾ ಎಂದು ಕೇಳುತ್ತಿದ್ದವು. ಅನುಭವ ಕೊಡುವವರು ಯಾರೂ ಇರಲಿಲ್ಲ. ಈಗ ಪಕ್ಕದ ಊರಿನ ದೊಡ್ಡ ಆಸ್ಪತ್ರೆಯವರು ಬಂದು ಕೆಲಸ ಮಾಡಿ ತೋರಿಸು ಎಂದಿದ್ದರು. ಇರುವುದು ಒಂದೇ ಜಾಗ. ಅವಳು ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಹತ್ತು ಗಂಟೆಗೆ ಒಳಗಿರ್ಬೇಕು, ಆಮೇಲೆ ಬಂದೋರನ್ನ ಸೇರಿಸಲ್ಲ. ಬಿಳಿ ಕೋಟು, ಮುಚ್ಚಿದ ಶೂ ಕಡ್ಡಾಯ. ಗಾಜು ಬೀಳುತ್ತೆ, ರಕ್ತ ಚೆಲ್ಲುತ್ತೆ, ಬರಿಗಾಲು, ಚಪ್ಪಲಿ ಒಳಗೆ ಬಿಡಲ್ಲ" ಎಂದು ಲ್ಯಾಬಿನ ಮೇಲ್ವಿಚಾರಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

"ನಾನು ಬಸ್ಸಲ್ಲಿ ಹೋಗ್ತೀನಪ್ಪ. ಆಸ್ಪತ್ರೆ ಬಾಗಿಲಲ್ಲೇ ಇಳಿಸ್ತಾನೆ" ಎಂದಳು ಮಗಳು.

"ಮನೇಲಿ ಇಂಥಾ ಗಾಡಿ ಇಟ್ಕೊಂಡು ನನ್ನ ಮಗಳು ಬಸ್ಸಲ್ಲಿ ಜೋತಾಡ್ತಾ ಹೋಗೋದಾ? ನಾಲ್ಕು ಜನ ಏನಂತಾರೆ?"

ನಾಲ್ಕು ಜನಕ್ಕೆ ಅವತ್ತು ಅವರವರ ಕೆಲಸವಿತ್ತು. ಆದರೂ ಕ್ಯಾಪ್ಟನ್ನರು ಬೆಳಗಾಗುತ್ತಲೇ ಗಾಡಿ ಒರೆಸಿ ನಿಲ್ಲಿಸಿದರು. ಮಗಳು ಹೊಸ ಕಪ್ಪು ಶೂ ಬಿಚ್ಚಿ ಚೀಲಕ್ಕೆ ಹಾಕಿದಳು, ತಾಯಿ ತನ್ನ ಚಪ್ಪಲಿ ಹಾಕಿದಳು, ಡಿಕ್ಕಿ ಗುಂಡಿ ಒತ್ತಿದೊಡನೆ ತಾನಾಗಿ ಮುಚ್ಚಿಕೊಂಡಿತು. ಅದು ಮುಚ್ಚಿಕೊಳ್ಳುವುದನ್ನು ನೋಡುವುದೆಂದರೆ ಕ್ಯಾಪ್ಟನ್ನರಿಗೆ ಪ್ರಾಣ.

ಊರು ದಾಟಿದ ಮೇಲೆ ದಾರಿ ಖಾಲಿಯಿತ್ತು. ಹೊತ್ತು ಬೇಕಾದಷ್ಟಿತ್ತು. ಕೆರೆಯ ಪಕ್ಕ ಮರಗಳ ಸಾಲು ಕಂಡದ್ದೇ ಕ್ಯಾಪ್ಟನ್ನರು ಗಾಡಿಯನ್ನು ಮಣ್ಣಿಗಿಳಿಸಿ ನಿಲ್ಲಿಸಿ ಇಂಜಿನ್ ಆರಿಸಿದರು.

"ಯಾಕಪ್ಪ?"

"ಒಂದು ಸಣ್ಣ ವಿಡಿಯೋ ಪುಟ್ಟೀ. 'ಕುಟುಂಬದೊಂದಿಗೆ ಪಯಣ' ಅಂತ ಗುಂಪಿಗೆ ಹಾಕ್ಬೇಕು. ಎರಡೇ ನಿಮಿಷ."

ಲೈಟುಗಳೆಲ್ಲ ಉರಿದವು. ಪರದೆ ಬೆಳಗಿತು, ಹಾಡು ಮೊಳಗಿತು, ಬಾಗಿಲಿನ ಅಂಚಿನ ನೀಲಿ ದೀಪಗಳೂ ಹತ್ತಿಕೊಂಡವು. ಮೂರು ನಾಲ್ಕು ದಿನದಿಂದ ಮೀಟರಿನ ಹತ್ತಿರ ಬ್ಯಾಟರಿಯ ಚಿತ್ರವೊಂದು ಕೆಂಪಗೆ ಮಿಣಕುತ್ತಿತ್ತು. ಅದು ವಿಡಿಯೋದಲ್ಲಿ ಬೀಳಬಾರದೆಂದು ಕ್ಯಾಪ್ಟನ್ನರು ಅದಕ್ಕೆ ಹೆಬ್ಬೆರಳು ಅಡ್ಡ ಹಿಡಿದರು. ಹೆಂಡತಿ ಎರಡು ಸಲ ನಕ್ಕಳು, ಮೊದಲ ಸಲದ ನಗು ಸಹಜವಾಗಿರಲಿಲ್ಲವಂತೆ. ಮುಗಿಯುವ ಹೊತ್ತಿಗೆ ಹಾಡು ಎಳೆದೆಳೆದು ನಿಂತಿತು. ಪರದೆ ಕಪ್ಪಾಯಿತು. ಸ್ಟಾರ್ಟಿನ ಗುಂಡಿ ಒತ್ತಿದರೆ ಟಿಕ್ ಟಿಕ್ ಎಂದಿತು, ಆಮೇಲೆ ಅದೂ ಇಲ್ಲ.

ಕ್ಯಾಪ್ಟನ್ನರು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಬ್ಬಳು ಬಹಳ ಹೊತ್ತು ಹಾಡಿನ ನಡುನಡುವೆ ಹೇಳಿ, ಕೊನೆಗೆ ಮೆಕ್ಯಾನಿಕ್ ಬರಲು ಒಂದು ಗಂಟೆಯಾಗುತ್ತದೆ ಎಂದಳು. ಗುಂಪಿನಲ್ಲಿ ಕೇಳಿದರು. ಯಾರೋ ಒಬ್ಬರು ಇದಕ್ಕೇ ಕಾದಿದ್ದವರಂತೆ ತಕ್ಷಣ ಉತ್ತರ ಹಾಕಿದರು: "ಪುಸ್ತಕ ಓದಿ ಕ್ಯಾಪ್ಟನ್." ಕೆಳಗೆ ಹೆಬ್ಬೆರಳುಗಳು ಸಾಲುಗಟ್ಟಿದವು.

ಸ್ವಲ್ಪ ಮುಂದೆ, ರಸ್ತೆಯ ಬದಿಗೆ ಬಸ್ ನಿಲ್ದಾಣದ ಹಳದಿ ಗೋಡೆ ಕಾಣುತ್ತಿತ್ತು. "ನಾನು ಬಸ್ಸಿಗೆ ಹೋಗ್ತೀನಿ, ಡಿಕ್ಕಿ ತೆಗೀರಿ" ಎಂದಳು ಮಗಳು.

ಡಿಕ್ಕಿ ತೆರೆಯಲಿಲ್ಲ. ಕರೆಂಟಿಲ್ಲದೆ ಅದು ತೆರೆಯುವುದೇ ಇಲ್ಲ. ಕ್ಯಾಪ್ಟನ್ನರು ಗುಂಡಿ ಒತ್ತಿದರು, ಗುದ್ದಿದರು, ಸವರಿದರು. ಮನೆಮಂದಿಯ ಪಾದರಕ್ಷೆಗಳೆಲ್ಲ ಒಳಗೆ ಭದ್ರವಾಗಿದ್ದವು.

ಮಗಳು ತನ್ನ ಫೋನಿನಲ್ಲಿ ಹುಡುಕಿದಳು. "ಸಿಕ್ತು. ಹಿಂದಿನ ಸೀಟು ಮಡಚಿ ಒಳಗೆ ತೂರಿದ್ರೆ ಡಿಕ್ಕಿಗೆ ಒಳಗಡೆಯಿಂದ ಒಂದು ಕೊಂಡಿ ಇದೆಯಂತೆ. ಶೂ ಕೈಗೇ ಸಿಗುತ್ತೆ." ಸೀಟು ಮಡಚುವ ಹಿಡಿ ಮೂರು ಪದರದ ಒಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಹೆಂಡತಿ ಕೈಚೀಲದಿಂದ ಸಣ್ಣ ಕತ್ತರಿ ತೆಗೆದು ಗಂಡನ ಕೈಗಿಟ್ಟಳು.

"ಕತ್ತರಿಸ್ರೀ."

ಕ್ಯಾಪ್ಟನ್ನರು ಶೂ ನೆಲಕ್ಕೆ ತಾಗದಂತೆ ಮುಂದಿನ ಸೀಟುಗಳ ನಡುವಿನಿಂದಲೇ ನುಸುಳಿ ಹಿಂದಿನ ಸೀಟಿನ ಮೇಲೆ ಮೊಣಕಾಲೂರಿದರು. ಬೆಳಗಿನ ಬಿಸಿಲು ಬಿದ್ದು ಪ್ಲಾಸ್ಟಿಕ್ ಪಳಪಳ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿಟ್ಟಿದ್ದೇನೆ ಎಂದು ಅಂಥ ಹೊತ್ತಿನಲ್ಲೂ ಅವರಿಗೆ ಅನಿಸಿತು. ಕತ್ತರಿ ಒಂದು ಸಲ ಬಾಯಿ ತೆರೆಯಿತು, ಮುಚ್ಚಿತು.

"ಕತ್ತರಿಸೋದು ಬೇಡ. ಹೊಲಿಗೆ ಬಿಚ್ಚಿದ್ರೆ ಆಯ್ತು, ಆಮೇಲೆ ಮತ್ತೆ ಹೊಲಿಸ್ಬಹುದು."

ಅವರು ಕತ್ತರಿಯ ತುದಿಯಿಂದ ಒಂದೊಂದೇ ಎಳೆಯನ್ನು ಮೆಲ್ಲಗೆ ಎತ್ತಿ ಕೊಯ್ಯತೊಡಗಿದರು.

"ಕೊಡಿ ಅಪ್ಪ ಇಲ್ಲಿ, ನಾನು ಮಾಡ್ತೀನಿ!" ಮಗಳು ಕೈಚಾಚಿದಳು. ಕ್ಯಾಪ್ಟನ್ನರು ಅವಳತ್ತ ಒಮ್ಮೆ ನೋಡಿ ಕತ್ತರಿಯನ್ನು ಮೇಲಕ್ಕೆತ್ತಿ ಹಿಡಿದರು, ಮತ್ತೆ ಸೀಟಿನತ್ತ ತಿರುಗಿದರು.

"ನೀನು ಒರಟೊರಟಾಗಿ ಹರೀತೀಯ. ತಾಳು."

ಮಗಳ ಕೈ ಹಾಗೇ ನಿಂತಿತು. ಅವಳು ಅಪ್ಪನ ಮುಖ ನೋಡಿದಳು. ದೂರದಲ್ಲಿ, ಕೆರೆ ಏರಿಯ ತಿರುವಿನಲ್ಲಿ ಬಸ್ಸು ಕಾಣಿಸಿತು.

"ನಿಮ್ಮ ಶೂ ಬಿಚ್ಚಿ" ಎಂದಳು.

"ಯಾವ ಶೂ?"

ಅವಳು ಬಗ್ಗಿದಳು. ಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದ ಅಪ್ಪನ ಕಾಲುಗಳಿಂದ ಬಿಳಿ ಕ್ಯಾನ್ವಾಸ್ ಶೂಗಳನ್ನು ತಾನೇ ಎಳೆದು, ತುದಿಗೆ ಅಮ್ಮನ ಕರ್ಚೀಫನ್ನೂ ತನ್ನದನ್ನೂ ತುರುಕಿ ಕಾಲಿಗೇರಿಸಿದಳು. ಕೋಟು, ಫೈಲು ಎದೆಗವಚಿಕೊಂಡು ಓಡಿದಳು. ಕೆರೆಯಂಚಿನ ಕೆಸರಿನಲ್ಲಿ ದೊಡ್ಡ ಶೂಗಳು ಪಚಪಚ ಎಂದವು.

"ಕೆಸರು! ಏ, ಕೆಸರು ನೋಡ್ಕೊಂಡು!" ಎಂದು ಕ್ಯಾಪ್ಟನ್ನರು ಬರಿಗಾಲಲ್ಲೇ ಕೆಳಗಿಳಿದು ಕೂಗಿದರು.

ಅವಳು ಒಮ್ಮೆ ತಿರುಗಿ ನೋಡಿದಳು, ಬಸ್ಸು ಹತ್ತಿದಳು. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. "ಮಗಳು ಬದುಕು ಹಿಡ್ಕೊಂಡು ಓಡ್ತಿದಾಳೆ, ನಿಮಗೆ ಕೆಸರು ಕಾಣಿಸ್ತಾ? ಊರಿಗೆಲ್ಲ ಕನ್ನಡಕ ಮಾರ್ತೀರಲ್ಲ, ನಿಮಗೂ ಒಂದು ಇಟ್ಕೊಳ್ಳಿ" ಎಂದಳು. ಮೆಕ್ಯಾನಿಕ್ ಬರುವವರೆಗೂ ಕ್ಯಾಪ್ಟನ್ನರು ಬಿಸಿ ಮಣ್ಣಿನ ಮೇಲೆ ಒಂದು ಕಾಲು ಬಿಟ್ಟು ಒಂದು ಕಾಲೂರುತ್ತಾ ನಿಂತರು. ಒಳಗೆ ಹೋಗೋಣವೆಂದರೆ ಕಾಲು ಕೊಳೆಯಾಗಿತ್ತು, ಟವೆಲ್ಲೂ ಡಿಕ್ಕಿಯಲ್ಲಿತ್ತು.

ಸಂಜೆ ಮಗಳು ಬಂದಳು. ಕೆಲಸ ಸಿಕ್ಕಿತ್ತು, ಬರುವ ವಾರದಿಂದಲೇ. ತಾಯಿ ಅವಳನ್ನು ತಬ್ಬಿಕೊಂಡು ಅತ್ತಳು, ಮಗಳೂ ಅತ್ತಳು. ಕ್ಯಾಪ್ಟನ್ನರೂ ಕುರ್ಚಿಯಿಂದ ಎದ್ದರು. ಆದರೆ ನಡುವೆ ಹೋಗಲು ಯಾಕೋ ಕಾಲು ಏಳಲಿಲ್ಲ. ಶೂ ಬಾಗಿಲ ಹೊರಗಿತ್ತು, ಕೆಸರು ಒಣಗಿ ಬಿರಿದಿತ್ತು. ಅದನ್ನು ನೋಡದ ಹಾಗೆ ನಟಿಸುತ್ತಾ ಅವರು ಹೇಳಿದರು:

"ಇನ್ನೈದು ನಿಮಿಷ ಇದ್ದಿದ್ರೆ ಹೊಲಿಗೆ ಪೂರ್ತಿ ಬಿಚ್ಚಿಬಿಡ್ತಿದ್ದೆ ಪುಟ್ಟೀ."

"ಗೊತ್ತಪ್ಪ."

"ನಿಜವಾಗ್ಲೂ."

"ಕತ್ತರಿ ನಿಮ್ಮ ಕೈಲೇ ಇತ್ತು" ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನೀವು ಸೀಟು ನೋಡಿದ್ರಿ. ಆಮೇಲೆ ನನ್ನ ನೋಡಿದ್ರಿ. ಆಮೇಲೆ ಮತ್ತೆ ಸೀಟು ನೋಡಿದ್ರಿ."

ಬೈದಿದ್ದರೆ ಕ್ಯಾಪ್ಟನ್ನರು ತಿರುಗಿ ಬೈಯುತ್ತಿದ್ದರು. ಈಗ ಅಂಗಡಿಗೆ ಹೋಗಿ ಕೂತರು. ಗುಂಪಿನಲ್ಲಿ ಹೊಸಬನೊಬ್ಬ ಬಾಗಿಲು ಕಿರುಗುಟ್ಟುತ್ತದೆ ಎಂದು ಬರೆದಿದ್ದ. ಹೌದು, ನನ್ನದೂ ಕಿರುಗುಟ್ಟುತ್ತದೆ ಎಂದು ಬರೆದರು, ಅಳಿಸಿದರು, ಫೋನು ಮಗುಚಿಟ್ಟರು.

ಮಗಳು ಕೆಲಸಕ್ಕೆ ಸೇರುವ ದಿನ ಅವರು ಎಲ್ಲರಿಗಿಂತ ಮೊದಲೇ ಎದ್ದರು. ಕತ್ತರಿ ತೆಗೆದುಕೊಂಡು ಹೋಗಿ ಮೇಲಿನ ಪ್ಲಾಸ್ಟಿಕ್ ಸೀಳಿದರು, ರೆಕ್ಸಿನ್ ಸೀಳಿದರು, ಶೋರೂಮಿನ ಪ್ಲಾಸ್ಟಿಕ್ಕನ್ನು ಕೈಯಿಂದಲೇ ಹರಿದರು. ಹರಿಯುವ ಸದ್ದು ಪ್ರತಿ ಸಲವೂ ಎದೆಗೆ ತಾಗಿತು, ನಿಲ್ಲಿಸಲಿಲ್ಲ. ಮಗಳು ಗೇಟಿನ ಹತ್ತಿರ ಬರುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ನಿಂತಿದ್ದರು.

"ಬಾ, ಶೂ ಹಾಕ್ಕೊಂಡೇ ಹತ್ತು. ಕೆಸರಿದ್ರೂ ಪರವಾಗಿಲ್ಲ."

ಮಗಳು ಬಗ್ಗಿ ಒಳಗೆ ನೋಡಿದಳು. "ಸೀಟು ನೀಲಿ ಬಣ್ಣದ್ದಾ ಅಪ್ಪ? ನಂಗೆ ಗೊತ್ತೇ ಇರಲಿಲ್ಲ" ಎಂದಳು. ಅಂಗೈಯಿಂದ ಒಂದು ಸಲ ಸವರಿದಳು. "ಚೆನ್ನಾಗಿದೆ."

ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

"ಬರ್ತೀನಪ್ಪ, ಮೊದಲ ದಿನ ತಡ ಆಗ್ಬಾರದು" ಎಂದು ಅವಳು ಬೇಗ ಬೇಗ ನಡೆದಳು. ಹತ್ತುವಾಗ ತಿರುಗಿ ಕೈಬೀಸಿದಳು. ಬಸ್ಸು ಹೋಯಿತು. ಕ್ಯಾಪ್ಟನ್ನರು ಬಾಗಿಲು ಹಿಡಿದುಕೊಂಡೇ ನಿಂತಿದ್ದರು.