ಶುಕ್ರವಾರದ ಪುಕ್ಕಟೆ ಕಾಫಿ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ಜೇಬಿಗೆ ಕೈ ಹಾಕದೆ ದಿನ ಕಳೆಯುವುದು ಹೇಗೆಂದು ತಿಳಿಯಬೇಕಿದ್ದರೆ ಸೋಮಶೇಖರನನ್ನೇ ಕೇಳಬೇಕು. ಆ ಊರಿನ ಹತ್ತಿಪ್ಪತ್ತು ಕನ್ನಡ ಮನೆಗಳಲ್ಲಿ ಇದಕ್ಕೆ ಎರಡು ಮಾತಿರಲಿಲ್ಲ. ಅವನನ್ನು ಜಿಪುಣ ಅನ್ನುವಂತಿಲ್ಲ. ಮನೆಗೆ ಬಂದವರಿಗೆ ಸಾಕು ಸಾಕೆಂದರೂ ತುಪ್ಪ ಬಡಿಸುವವನು. ಆದರೆ ಪುಗಸಟ್ಟೆ ಸಿಗುವ ವಸ್ತುವಿಗೆ ದುಡ್ಡು ಕೊಡುವವನು ಅವನ ಕಣ್ಣಿಗೆ ಶುದ್ಧ ದಡ್ಡ. "ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು" ಎಂದು ಹೆಂಡತಿ ಪ್ರಫುಲ್ಲಾ ಆಡಿಕೊಂಡರೆ ಅವನಿಗದು ಬಿರುದಿನಂತೆ ಕೇಳಿಸುತ್ತಿತ್ತು.

ಹೊಸದಾಗಿ ಬಂದವರಿಗೆಂದು ಅವನೊಂದು ಪಟ್ಟಿ ಬರೆದು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ. ದ್ವೀಪಕ್ಕೆ ಹೋಗುವ ಹಳದಿ ಫೆರ್ರಿಗೆ ಟಿಕೆಟ್ಟಿಲ್ಲ, ದಿನಕ್ಕೆ ಹತ್ತು ಸಲ ಬೇಕಾದರೂ ಹೋಗಿ ಬನ್ನಿ ಎಂಬುದು ಮೊದಲನೆಯದು. ಸಮುದ್ರದಲ್ಲಿ ಈಜುವ ಜಾಗ ಎರಡನೆಯದು. ಮೂರನೆಯದು, ಗುರುವಾರ ಲೈಬ್ರರಿಯಲ್ಲಿ ನಡೆಯುವ ಭಾಷಾ ಕೆಫೆ: 'ಕಾಫಿ, ಬಿಸ್ಕತ್ತು, ಸ್ವೀಡಿಷ್ ಕಲಿಸಲು ಒಬ್ಬ ಅಜ್ಜಿ, ಎಲ್ಲಾ ಫ್ರೀ.' ನಾಲ್ಕನೆಯದು, ಶುಕ್ರವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ನೀವು ಯಾವ ದೇವರ ಕಡೆಯವರೆಂದು ಯಾರೂ ಕೇಳುವುದಿಲ್ಲ. ಹೀಗೆ ಇಪ್ಪತ್ತಾರು ಸಾಲು. ಪಟ್ಟಿ ಹಾಕಿದ ಮೇಲೆ ಆ ಗುಂಪಿನಲ್ಲಿ ಬೇರೆಯವರು ಬರೆದದ್ದನ್ನು ಅವನು ಓದಿದ್ದು ಕಡಿಮೆ. ಗಣೇಶನ ಹಬ್ಬದ ಚಂದಾ ಕೇಳುತ್ತಾರೆಂದು ಅದರ ಬಾಯಿ ಮುಚ್ಚಿಸಿಟ್ಟಿದ್ದ.

ಸೆಪ್ಟೆಂಬರಿನಲ್ಲಿ ತುಮಕೂರಿನಿಂದ ಅಕ್ಕ ಸುಲೋಚನಾ ಮತ್ತು ಭಾವ ರಾಜಗೋಪಾಲ ಬಂದರು. ಭಾವ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು; ಯಾವುದನ್ನೂ ಸುಲಭಕ್ಕೆ ಮೆಚ್ಚಿದವರಲ್ಲ. ಈ ಸಲವಾದರೂ ಅವರ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ಸೋಮಶೇಖರ ರಜೆ ಹಾಕಿ ಪಟ್ಟಿಯ ಪ್ರಕಾರವೇ ಹೊರಟ. ಗುರುವಾರದ ಲೈಬ್ರರಿಯೊಂದನ್ನು ಬಿಟ್ಟು ನಾಲ್ಕು ದಿನ ಸುತ್ತಿ ಒಂದು ಕ್ರೋನಾ ಕೂಡ ಬಿಚ್ಚದೆ ಇದ್ದುದನ್ನು ಕಂಡು ಭಾವನಿಗೂ ಗೌರವ ಹುಟ್ಟತೊಡಗಿತ್ತು. ಶುಕ್ರವಾರ ಬೆಳಗ್ಗೆ ಫೆರ್ರಿಯಲ್ಲಿ ಹೋಗಿ ಬಂದು, ಮಧ್ಯಾಹ್ನ ಹಸಿದುಕೊಂಡು ಮೂವರೂ ಸಭಾಂಗಣದ ಹತ್ತಿರ ಬಂದರು. ಪ್ರಫುಲ್ಲಾ ಕೆಲಸಕ್ಕೆ ಹೋಗಿದ್ದಳು. ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ಸೋಮಶೇಖರ ಭಾವನಿಗೆ ಈ ದೇಶದ ತೆರಿಗೆಯ ಮಹಿಮೆ ವಿವರಿಸುತ್ತಿದ್ದುದರಿಂದ ಅದರ ಕಡೆ ತಿರುಗಿಯೂ ನೋಡದೆ ಬಾಗಿಲು ತಳ್ಳಿದ.

ಒಳಗೆ ಅವತ್ತು ಬನ್ನಲ್ಲ, ಭರ್ಜರಿ ಏರ್ಪಾಡು. ಬಿಳಿ ಬಟ್ಟೆ ಹಾಸಿದ ಮೇಜುಗಳು, ಬ್ರೆಡ್ಡಿನ ಪದರಗಳ ಮೇಲೆ ಮೊಟ್ಟೆ ಮೀನು ಅಲಂಕರಿಸಿದ ದೊಡ್ಡ ದೊಡ್ಡ ತಟ್ಟೆಗಳು, ಹಸಿರು ಹೊದಿಕೆಯ ಕೇಕು. ಐವತ್ತು ಜನ ಕಪ್ಪು ಬಟ್ಟೆಯಲ್ಲಿ ಮೆಲ್ಲಗೆ ಮಾತಾಡುತ್ತ ಕೂತಿದ್ದರು. ಈ ದೇಶದಲ್ಲಿ ಮದುವೆಗೂ ಕಪ್ಪು ಕೋಟೇ, ಜಗಳಕ್ಕೂ ಮೆಲುದನಿಯೇ. ಸೋಮಶೇಖರನಿಗೆ ಏನೂ ಅನ್ನಿಸಲಿಲ್ಲ. ಗಿಳಿಹಸಿರು ರೇಷ್ಮೆ ಸೀರೆಯ ಅಕ್ಕನನ್ನು ನಡುವಿನ ಮೇಜಿಗೇ ಕೂರಿಸಿದ. ಸಸ್ಯಾಹಾರ ಯಾವುದೆಂದು ವಿಚಾರಿಸಿ ಚೀಸು ಸೌತೆಕಾಯಿಯ ಬ್ರೆಡ್ಡು ತಂದುಕೊಟ್ಟ. ಕೇಕು ತಾನೊಂದು ಸಲ ಹಾಕಿಕೊಂಡ, ಮತ್ತೊಂದು ಸಲ ಹಾಕಿಕೊಂಡ. ಪ್ರಫುಲ್ಲಾಳಿಗೆಂದು ಎರಡು ತುಂಡು ಕಾಗದದಲ್ಲಿ ಸುತ್ತಿ ಜಾಕೆಟ್ಟಿನ ಜೇಬಿಗಿಳಿಸಿದ. ಭಾವ ಎದ್ದು ನಿಂತು, ಕೇಕಿನ ಸಮೇತ ಗಂಡ ಹೆಂಡತಿ ಬರುವ ಹಾಗೆ ಒಂದು ಸೆಲ್ಫಿಯನ್ನೂ ತೆಗೆದರು. ಯಾರೂ ಏನೂ ಅನ್ನಲಿಲ್ಲ. ಬಿಳಿ ಕೂದಲಿನ ಹೆಂಗಸೊಬ್ಬಳು ಬಂದು ಕಾಫಿ ಬಗ್ಗಿಸಿ ಅಕ್ಕನ ಭುಜ ಮುಟ್ಟಿ ಹೋದಳು. ಎಷ್ಟು ಒಳ್ಳೇ ಜನ ಎಂದು ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು.

ಆಗ ಹಿಂದಿನ ಮೇಜಿನಿಂದ ಹರ್ಷ ಎದ್ದು ಬಂದ. ಎರಡು ವರ್ಷದ ಹಿಂದೆ ಪಿಎಚ್‌ಡಿ ಮಾಡಲು ಬಂದ ಹುಡುಗ. ಪಟ್ಟಿ ಹಿಡಿದು ಊರು ಕಲಿತವರಲ್ಲಿ ಅವನೂ ಒಬ್ಬ. ಯಾವತ್ತೂ ಟಿ-ಶರ್ಟಿನಲ್ಲಿರುವವನು ಇವತ್ತು ಕರಿ ಸೂಟು ಹಾಕಿದ್ದ.

"ಸೋಮಣ್ಣ, ಚರ್ಚಲ್ಲಿ ಕಾಣ್ಲಿಲ್ಲ ನೀವು" ಅಂದ. "ಗ್ರೂಪಲ್ಲಿ ಹಾಕಿದ್ದೆ, ನೋಡಿಲ್ವೇನೋ ಅನ್ಕೊಂಡೆ. ಪರ್ವಾಗಿಲ್ಲ, ಇಲ್ಲಿಗಾದ್ರೂ ಬಂದ್ರಲ್ಲ."

ಇಲ್ಲಿಗೆ ಅಂದರೆ ಎಲ್ಲಿಗೆ ಎಂದು ಕೇಳಲು ಹೊರಟ ಸೋಮಶೇಖರ, ಹರ್ಷನ ಹೆಗಲ ಮೇಲಿಂದ ಕಿಟಕಿಯ ಪಕ್ಕದ ಪುಟ್ಟ ಮೇಜನ್ನು ನೋಡಿದ. ಉರಿಯುವ ಒಂದು ಮೇಣದಬತ್ತಿ, ಬಿಳಿ ಹೂವು, ಚೌಕಟ್ಟಿನೊಳಗೆ ಬಿರ್ಗಿಟ್ಟಾಳ ಫೋಟೋ.

ಬಾಯಲ್ಲಿದ್ದ ಕೇಕನ್ನು ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ನುಂಗಿದ.

ಪಟ್ಟಿಯ ಮೂರನೆಯ ಸಾಲಿನ ಅಜ್ಜಿ ಅವಳೇ. ನಿವೃತ್ತ ಶಾಲಾ ಮೇಡಂ. ಸೋಮಶೇಖರನ ಕಂಪನಿ ಮುಚ್ಚಿ, ಹೊಸ ಕೆಲಸ ಸಿಗದಿದ್ದರೆ ವರ್ಕ್ ಪರ್ಮಿಟ್ಟೂ ಹೋಗುತ್ತದೆ ಎಂಬ ದಿನಗಳಲ್ಲಿ ಅವಳು ಲೈಬ್ರರಿಯ ಗುರುವಾರ ಸಾಲದೆಂದು ತನ್ನ ಅಡುಗೆಮನೆಯಲ್ಲೂ ಕೂರಿಸಿಕೊಂಡು ಕಲಿಸಿದ್ದಳು. ಅವನ ನಾಲಿಗೆಗೆ ಹತ್ತದ ಒಂದು ಉಚ್ಚಾರವನ್ನು ಬಿಸಿ ಕಾಫಿಯ ಮೇಲೆ ಊದಿಸಿ ಊದಿಸಿ ಬರಿಸಿದ್ದಳು. ಸಂದರ್ಶನದ ಉತ್ತರಗಳನ್ನು ಪೆನ್ಸಿಲಿನಲ್ಲಿ ತಿದ್ದಿದ್ದಳು. ಕೆಲಸ ಸಿಕ್ಕಿತು. ಸಿಹಿ ಮಾಡಿಸಿಕೊಂಡು ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇ ಕೊನೆ. ಅವಳಿಗೆ ಹುಷಾರಿಲ್ಲವಂತೆ, ಹೋಗಿ ಬನ್ನಿ ಎಂದು ಪ್ರಫುಲ್ಲಾ ಎರಡು ಸಲ ಹೇಳಿದ್ದಳು. ಈ ಗುರುವಾರ, ಬರುವ ಗುರುವಾರ ಎನ್ನುತ್ತ ಒಂದೂವರೆ ವರ್ಷವಾಗಿತ್ತು. ಏರು ಹತ್ತಿದ ಮೇಲೆ ಏಣಿ ಒದೆಯುವವರನ್ನು ಅವನು ಬೇಕಾದಷ್ಟು ಬೈದಿದ್ದ. ತಾನು ಒದ್ದಿರಲಿಲ್ಲ, ಏಣಿಯೊಂದಿತ್ತು ಎಂಬುದನ್ನೇ ಮರೆತಿದ್ದ.

ಎದ್ದು ಹೊರಟುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಕಾಫಿ ಬಗ್ಗಿಸಿದ ಹೆಂಗಸೇ ಬಂದು ಎದುರು ಕೂತಳು. ತಾನು ಬಿರ್ಗಿಟ್ಟಾಳ ಮಗಳು, ಲೆನಾ ಎಂದಳು. ನೀವು ಸೋಮಶೇಖರ ಇರಬೇಕು ಎಂದು ಅವನ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದಳು, ಅಮ್ಮ ಹೇಳಿಕೊಟ್ಟಿದ್ದಳಂತೆ. ಹೊಸದಾಗಿ ಬಂದ ಪ್ರತಿಯೊಬ್ಬರೂ ಸೋಮಶೇಖರ ಕಳಿಸಿದ ಎನ್ನುತ್ತಿದ್ದರಂತೆ. ನನಗೆ ಬೇಜಾರಾಗಬಾರದೆಂದು ಅವನು ಶಿಷ್ಯರನ್ನು ಹುಡುಕಿ ಹುಡುಕಿ ಕಳಿಸುತ್ತಾನೆ ಎಂದು ಅಮ್ಮ ಆಸ್ಪತ್ರೆಯಲ್ಲಿ ನರ್ಸುಗಳಿಗೂ ಹೇಳಿಕೊಳ್ಳುತ್ತಿದ್ದಳಂತೆ.

"ನೀವು ಯಾಕೆ ಬರುವುದಿಲ್ಲ ಎಂದು ನಾನು ಒಮ್ಮೆ ಕೇಳಿದೆ" ಎಂದಳು ಲೆನಾ. "ಹೊಸ ಕೆಲಸ, ಅವನಿಗೆ ಪುರುಸೊತ್ತೆಲ್ಲಿ ಎಂದಳು ಅಮ್ಮ. ಬೇರೆಯವರೆಲ್ಲ ಮಾತಾಡಿ ಆಯಿತು. ನೀವೂ ಎದ್ದು ಎರಡು ಮಾತು ಹೇಳುತ್ತೀರಾ?"

ಅವನು ತಲೆಯಾಡಿಸಿದ. ಲೆನಾ ಜನರ ಗಮನ ಸೆಳೆಯಲು ಎದ್ದು ಹೋದಳು. ಅಕ್ಕ ಅವನ ಮುಖ ನೋಡಿ, ಫೋಟೋದ ಕಡೆ ನೋಡಿ, ತಟ್ಟೆಯಿಂದ ಕೈ ತೆಗೆದಳು.

"ಯಾರೋ ಅವ್ರು? ನಿಂಗೇನಾಗ್ಬೇಕು?"

"ನಂಗೆ ಇಲ್ಲಿನ ಭಾಷೆ ಕಲಿಸ್ದೋರು. ತೀರ್ಕೊಂಡಿದಾರೆ. ಇದು ಅವ್ರ ಕಾರ್ಯ. ನಂಗೆ ಗೊತ್ತಿರ್ಲಿಲ್ಲ ಅಕ್ಕ."

ಅಕ್ಕ ತಟ್ಟೆಯನ್ನು ದೂರ ಸರಿಸಿದಳು. ಆಮೇಲೆ, "ಗುರುಗಳ ಸಾವಿನ ಮನೇಲಿ ನಮ್ಮನ್ನ ಬಿಟ್ಟಿ ತಿಂಡಿಗೆ ಕೂರಿಸ್ದ್ಯಾ?" ಅಂದಳು. ಭಾವ ಫೋನನ್ನು ಜೇಬಿಗೆ ಹಾಕಿಕೊಂಡು ನೆಲ ನೋಡಿದರು.

ಚಮಚದಿಂದ ಲೋಟ ತಟ್ಟಿದ ಸದ್ದಾಯಿತು. ಸೋಮಶೇಖರ ಎದ್ದು ನಿಂತ. ಬಿರ್ಗಿಟ್ಟಾಳ ಬಗ್ಗೆ ನಾಲ್ಕು ಚಂದದ ಮಾತು ಹೇಳಿ ಕೂರುವುದು ಅವನಿಗೆ ಕಷ್ಟವಿರಲಿಲ್ಲ. ಅದಕ್ಕೆ ಬೇಕಾದ ಸ್ವೀಡಿಷನ್ನು ಅವಳೇ ಕಲಿಸಿದ್ದಳು. ಆದರೆ ಹಾಗೆ ಹೇಳಿದರೆ ಈ ಐವತ್ತು ಜನರಿಗೂ ಮೋಸ ಮಾಡಿದಂತೆ. ನಿಜ ಹೇಳಿ, ಅವರೆಲ್ಲ ಏನು ಬೇಕಾದರೂ ಅಂದುಕೊಳ್ಳಲಿ, ತನಗದು ಆಗಬೇಕಾದ್ದೇ ಎಂದು ನಿರ್ಧರಿಸಿದ.

"ನಾನು ಇವತ್ತು ಇಲ್ಲಿಗೆ ಬಂದದ್ದು ಪುಕ್ಕಟೆ ಕಾಫಿಗೆ" ಎಂದ.

ಮರುಕ್ಷಣ ಇಡೀ ಸಭಾಂಗಣ ನಕ್ಕಿತು. ಮುಂದಿನ ಮೇಜಿನ ಮುದುಕನೊಬ್ಬ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಬಿರ್ಗಿಟ್ಟಾಳ ಅಡುಗೆಮನೆಗೆ ತಾನೂ ಹೋಗುತ್ತಿದ್ದದ್ದು ಅದಕ್ಕೇ ಎಂದು ಇನ್ನೊಬ್ಬಾಕೆ ಕೂತಲ್ಲಿಂದಲೇ ದನಿಗೂಡಿಸಿದಳು.

ಇಲ್ಲ, ತಮಾಷೆಯಲ್ಲ ಎಂದ ಸೋಮಶೇಖರ. ಅವಳು ತೀರಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ, ಒಂದೂವರೆ ವರ್ಷದಿಂದ ನಾನು ಅವಳ ಮುಖ ನೋಡಿಲ್ಲ ಎನ್ನುವಾಗ ಅವನ ಕಣ್ಣು ಕಿಟಕಿಯ ಪಕ್ಕದ ಫೋಟೋದ ಮೇಲೆ ಬಿತ್ತು. ಮುಂದಿನ ಮಾತು ಹೊರಡಲಿಲ್ಲ. ಜನ ಅದನ್ನು ದುಃಖವೆಂದೇ ತಿಳಿದರು. ಲೆನಾ ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡಳು. ಅಮ್ಮನಿಗೆ ಇಂಥ ಮಾತೇ ಇಷ್ಟವಾಗುತ್ತಿತ್ತು ಎಂದು ಕಿವಿಯಲ್ಲಿ ಹೇಳಿದಳು. ಹಿಂದಿನ ಮೇಜಿನಲ್ಲಿ ಹರ್ಷ ಒಬ್ಬ ಮಾತ್ರ ನಗದೆ ತನ್ನ ಲೋಟ ನೋಡುತ್ತ ಕೂತಿದ್ದ.

ಸೋಮಶೇಖರ ಕುರ್ಚಿಗೆ ಕುಸಿದಾಗ ಅಕ್ಕ ಅವನ ತೋಳು ಹಿಡಿದಳು.

"ಏನಂದ್ಯೋ ಅವ್ರಿಗೆ?"

"ನಿಜ ಹೇಳ್ದೆ."

"ನಿಜ ಹೇಳಿದ್ರೆ ಯಾಕೆ ತಬ್ಕೊಂಡ್ಲು ಆ ಹೆಂಗ್ಸು?"

"ನಂಬ್ಲಿಲ್ಲ ಅಕ್ಕ" ಅಂದ ಸೋಮಶೇಖರ. "ಅವ್ರಮ್ಮ ಇವ್ರಿಗೆಲ್ಲ ನಾನು ಒಳ್ಳೆಯವ್ನು ಅಂತ ಹೇಳಿಟ್ಟಿದಾರೆ."