ಹೆಸರು ಕೇಳದ ಬಾಗಿಲು

ಗ್ರೀಸು ಬಾಗಿಲ ಹೊರಗೇ ನಿಂತಿದ್ದ. ಇಪ್ಪತ್ತು ವರ್ಷಗಳಿಂದ ಕರೆಯದೆ ಒಳಗೆ ಬಂದು, ಕೇಳದೆ ಅಡುಗೆಮನೆಯ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ ಮನುಷ್ಯ ಈಗ ಗಂಟೆ ಒತ್ತಿ ಕಾಯುತ್ತಿದ್ದಾನೆಂದರೆ ಏನೋ ಆಗಿದೆ ಎಂದು ಅಕ್ಕನಿಗೆ ಅರ್ಥವಾಯಿತು. ಅವನೂ ಅಕ್ಕನ ತಮ್ಮನಂತೆ ಲಿಫ್ಟ್ ರಿಪೇರಿಯವನು. ಅವನ ನಿಜವಾದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ.

"ತಮ್ಮ ಎಲ್ಲಿ?"

"ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ."

"ಕರ್ಕೊಂಡಾ, ಎತ್ಕೊಂಡಾ?"

ಗ್ರೀಸು ತೊಳೆದರೂ ಕಪ್ಪು ಬಿಡದ ತನ್ನ ಬೆರಳುಗಳನ್ನು ನೋಡಿಕೊಂಡ. "ಎತ್ಕೊಂಡು, ಅಕ್ಕ. ಎತ್ತೋ ಹೊತ್ತಿಗೇ ಹೋಗ್ಬಿಟ್ಟಿದ್ದ."

ಅಕ್ಕ ಗೋಡೆ ಹಿಡಿದು ಕುಳಿತಳು. ಗ್ರೀಸು ನಿಂತೇ ಹೇಳಿದ. ಹಳೆಯ ಕಟ್ಟಡ, ಅಕ್ಕಪಕ್ಕ ಎರಡು ಲಿಫ್ಟು. ಕೆಳಗೆ ಮೇನ್ ಆಫ್ ಮಾಡಿಯೇ ಮೇಲೆ ಹೋಗಿದ್ದರು. "ಪಕ್ಕದ ಲಿಫ್ಟಿಂದ ಕರೆಂಟಿರೋ ಒಂದು ತಂತಿ ಅವನು ಬಿಚ್ಚಿದ ಬೋರ್ಡಿಗೂ ಬಂದಿತ್ತು. ಯಾರಿಗೆ ಗೊತ್ತು? ತಂತಿಗಳ ಚಿತ್ರ ಕೇಳಿದ್ರೂ ಕಂಪನಿಯವರು ಕೊಟ್ಟಿರ್ಲಿಲ್ಲ."

ಅವಳಿಗೆ ನೀರು ತಂದುಕೊಟ್ಟು ಗ್ರೀಸು ತಮ್ಮನ ಕೋಣೆಗೆ ಹೋದ. ಕಪಾಟಿನ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆಯಿತ್ತು. ಅದರ ಹಸಿರು ದೀಪ ಆರು ವರ್ಷಗಳಿಂದ ಆರಿರಲಿಲ್ಲ. ಗ್ರೀಸು ಅದರ ವೈರನ್ನು ಕಿತ್ತ. ತೆರೆದ ಬಾಗಿಲಿನಿಂದ ಅಕ್ಕ ಅದನ್ನು ನೋಡಿದಳು. ಆ ದಿನ ಕೇಳುವ ತ್ರಾಣ ಅವಳಿಗಿರಲಿಲ್ಲ.

ಆ ಪೆಟ್ಟಿಗೆ ತಮ್ಮನ ಸರ್ವರ್. ಅದರಲ್ಲಿದ್ದದ್ದು ಲಿಫ್ಟುಗಳ ತಂತಿಚಿತ್ರಗಳು. ಕಂಪನಿಯ ಚಿತ್ರಗಳಲ್ಲ, ಕೆಲಸಗಾರರು ಲಿಫ್ಟಿನ ಗುಂಡಿಯೊಳಗೆ ನಿಂತು ಒಂದೊಂದೇ ತಂತಿಯನ್ನು ಹಿಂಬಾಲಿಸಿ, ಸಿಕ್ಕ ಕಾಗದದ ಮೇಲೆ ತಾವೇ ಬರೆದವು. ಹಾಗೆ ಬರೆದು ಹೊರಗೆ ಕೊಟ್ಟವರ ಕೆಲಸ ಹೋಗುತ್ತದೆಂದು ಕಂಪನಿಗಳು ಹೆದರಿಸಿದ್ದವು. ಅದಕ್ಕೇ ಹೆಸರನ್ನೂ ಪಾಸ್‌ವರ್ಡನ್ನೂ ಕೇಳದ ಸರ್ವರನ್ನು ತಮ್ಮ ಕಟ್ಟಿದ್ದ. ಅದರೊಳಗಿನ ಒಂದು ಕೋಣೆಯಿಂದ ಯಾರು ಬೇಕಾದರೂ ಚಿತ್ರ ಒಯ್ಯಬಹುದು. ಇನ್ನೊಂದು ಅಂಚೆಡಬ್ಬಿಯ ಹಾಗೆ: ಹಾಕಬಹುದು, ಒಳಗೇನಿದೆಯೆಂದು ನೋಡಲಾಗದು. ಡಬ್ಬಿಗೆ ಬಿದ್ದದ್ದನ್ನು ಅಕ್ಕ ಓದಿ ತಂತಿಗಳ ಸಂಖ್ಯೆ ತಾಳೆ ನೋಡಿದ ಮೇಲೆಯೇ ಅದು ಮೊದಲ ಕೋಣೆಗೆ ಬರುತ್ತಿತ್ತು. ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ, ಕರಡು ತಿದ್ದಿದ ಕಣ್ಣು ಅವಳದು.

ಎರಡು ವಾರ ಕಳೆದ ಮೇಲೆ ಲಿಫ್ಟ್ ಕಂಪನಿಯ ಅಧಿಕಾರಿ ಬಂದ. ಇಸ್ತ್ರಿಯ ಅಂಗಿ, ಮೆತ್ತನೆಯ ಮಾತು.

"ನಿಮ್ಮ ದುಃಖದಲ್ಲಿ ನಮ್ಮದೂ ಪಾಲಿದೆ."

"ಇದೆ. ಅದು ನಿಮ್ಮ ಬಾಯಲ್ಲೇ ಬಂತಲ್ಲ, ಒಳ್ಳೇದಾಯ್ತು."

ಅವನು ಕುರ್ಚಿಯ ತುದಿಗೆ ಸರಿದ. "ಆ ಸರ್ವರ್ ವಿಷಯ. ಮುಚ್ಚಿ ಅಂತ ನಾವು ಹೇಳ್ತಿಲ್ಲ ಅಮ್ಮ. ನಾವೇ ನಡೆಸ್ತೀವಿ. ನಿಮ್ಮ ತಮ್ಮನ ಹೆಸರಿಡ್ತೀವಿ, ಫೋಟೋನೂ ಹಾಕ್ತೀವಿ. ಒಳಗೆ ಬರೋರು ಅವರ ಹೆಸರು, ನೌಕರಿ ನಂಬರು ಕೊಟ್ಟು ಬರ್ಲಿ. ಇಷ್ಟೇ."

ಅಕ್ಕನಿಗೆ ಆಸೆಯಾದದ್ದು ಸುಳ್ಳಲ್ಲ. ತಮ್ಮನ ಹೆಸರು ಅವನ ಬ್ಯಾಂಕಿನ ಪುಸ್ತಕವೂ ಸೇರಿದಂತೆ ಎಲ್ಲ ಕಡೆಯಿಂದ ಅಳಿಸಿಹೋಗುತ್ತಿದ್ದ ದಿನಗಳವು. ಒಂದು ಕಡೆಯಾದರೂ ಉಳಿದೀತು.

"ಈಗಿರೋ ಚಿತ್ರ ಬರೆದೋರು ಯಾರು ಅಂತ ಕೇಳ್ತೀರಾ?"

"ದಾಖಲೆಗೆ ಬೇಕಾಗತ್ತೆ."

"ಹಾಗಾದ್ರೆ ಬೇಡ. ಹೆಸರು ಕೇಳದ ಬಾಗಿಲಿಗೆ ಅವನ ಹೆಸರನ್ನೇ ಬೀಗ ಮಾಡಿ ಹಾಕೋಕೆ ಬಂದಿದೀರ."

"ದುಡುಕಬೇಡಿ. ಯೋಚನೆ ಮಾಡಿ."

"ನೀವು ಚಿತ್ರ ಕೊಡೋ ವಿಚಾರ ಆರು ವರ್ಷ ಯೋಚನೆ ಮಾಡಿದ್ರಿ. ನನಗೆ ಅಷ್ಟು ಆಯಸ್ಸಿಲ್ಲ."

ಅವನು ಹೋದ ಮೇಲೆ ಅಕ್ಕ ದೇವರ ಹೆಸರು ಹೇಳಿಕೊಂಡು ಕುಳಿತಳು. ಆಮೇಲೆ ಎದ್ದು ಪೆಟ್ಟಿಗೆಗೆ ವೈರು ಸಿಕ್ಕಿಸಿದಳು. ದೀಪ ಹತ್ತಿತು, ಸರ್ವರ್ ಏಳಲಿಲ್ಲ. ತಟಕ್ಕನೆ ಕಿತ್ತದ್ದರಿಂದ ಚಿತ್ರಗಳು ಉಳಿದು, ಸರ್ವರಿನ ನಿಯಮಗಳಿದ್ದ ಕಡತವೊಂದು ಕೆಟ್ಟಿತ್ತು. ಗ್ರೀಸುವಿಗೆ ಫೋನ್ ಮಾಡಿದಳು.

ಅವನು ಬಂದು ತಲೆ ತಗ್ಗಿಸಿ ನಿಂತ. "ಭಯ ಆಯ್ತು ಅಕ್ಕ. ನಾಲ್ಕು ಚಿತ್ರ ನಂದೇ. ಯಾರು ಬಂದ್ರು, ಏನು ಹಾಕಿದ್ರು ಅಂತ ಅದ್ರಲ್ಲಿ ಬರ್ದಿರತ್ತೇನೋ ಅಂತ."

"ಕಿತ್ತಿದ್ದನ್ನ ನೋಡಿದೆ. ಬೈಯೋದು ಆಮೇಲೆ ಇಟ್ಕೊಳ್ಳೋಣ. ಅವನ ನೋಟ್‌ಬುಕ್ ಎಲ್ಲಿ?"

ಮೇಜಿನ ಖಾನೆಯಲ್ಲೇ ಇತ್ತು. ಆ ನಿಯಮಗಳನ್ನು ತಮ್ಮ ಎರಡು ಪುಟಗಳಲ್ಲಿ ಬರೆದಿಟ್ಟಿದ್ದ. ಒಂದೊಂದು ಸಾಲಿಗೂ ಎಡಗಡೆ ಒಂದು ಅಪ್ಪಣೆ, ನಡುವೆ ಸಮಚಿಹ್ನೆ, ಬಲಗಡೆ ಹೌದು ಅಥವಾ ಇಲ್ಲ. ಪಕ್ಕದಲ್ಲಿ ಅವನದೇ ಮಾತು. 'ಹೆಸರಿಲ್ಲದವರನ್ನು ಒಳಗೆ ಬಿಡು=ಹೌದು.' ಪಕ್ಕದಲ್ಲಿ, 'ಇದಕ್ಕಾಗಿಯೇ ಉಳಿದದ್ದೆಲ್ಲ.' 'ಮೊದಲ ಕೋಣೆಯಲ್ಲಿ ಬರೆಯಲು ಬಿಡು=ಇಲ್ಲ.' 'ಬಿಟ್ಟರೆ ಸರ್ವರ್ ಮುನಿಸಿಕೊಂಡು ಏಳುವುದೇ ಇಲ್ಲ, ಅಕ್ಕನ ಹಾಗೆ.' ಗ್ರೀಸು ನಕ್ಕ. ಅಕ್ಕ ಮುಖ ತಿರುಗಿಸಿದಳು. ಎರಡನೆಯ ಪುಟದಲ್ಲಿ, 'ಬಂದುಹೋದವರ ಲೆಕ್ಕ ಇಡು=ಇಲ್ಲ.' 'ನನ್ನ ತಲೆಯಲ್ಲೂ ಬೇಡ.'

"ನೋಡು," ಎಂದು ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟಳು. ಗ್ರೀಸು ಅದನ್ನು ಮೂರು ಸಲ ಓದಿ, ಸ್ಟೂಲು ಎಳೆದುಕೊಂಡು ಕುಳಿತ.

ಅಕ್ಕ ಪುಟ ನೋಡಿಕೊಂಡು ಒಂದೊಂದೇ ಸಾಲು ಟೈಪ್ ಮಾಡಿದಳು. ಅಕ್ಷರ ತಪ್ಪಲಿಲ್ಲ. ಆದರೂ ಸರ್ವರ್ ಏಳಲಿಲ್ಲ. ಮೊದಲ ಸಾಲಿನ ಉತ್ತರವೇ ಅರ್ಥವಾಗುತ್ತಿಲ್ಲವೆಂದು ಪರದೆಯ ಮೇಲೆ ಬಂತು.

"ಹೌದು ಅಂದ್ರೆ ಹೌದು. ಅದ್ರಲ್ಲಿ ಅರ್ಥ ಆಗ್ದೇ ಇರೋದೇನು?" ಎಂದ ಗ್ರೀಸು.

ಅಕ್ಕ ಕನ್ನಡಕ ಒರೆಸಿಕೊಂಡು ಪುಟವನ್ನೂ ಪರದೆಯನ್ನೂ ತಾಳೆ ನೋಡಿದಳು. ಮೊದಲು ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ. ತಮ್ಮ ಸಮಚಿಹ್ನೆಯನ್ನು ಎರಡೂ ಕಡೆಗೆ ಒತ್ತಿ ಬರೆದಿದ್ದ. ಚಿಕ್ಕಂದಿನಿಂದ ಅವನ ಬರಹವೇ ಹಾಗೆ, ಉಸಿರಾಡಲು ಜಾಗವಿಲ್ಲದ್ದು. ಎಷ್ಟೋ ಸಲ ಅದಕ್ಕೆ ಬೈದಿದ್ದಳು. ಟೈಪ್ ಮಾಡುವಾಗ ಅವಳ ಬೆರಳು ತಾನಾಗಿಯೇ ಪ್ರತಿ ಸಮಚಿಹ್ನೆಯ ಆಚೀಚೆ ಒಂದೊಂದು ಜಾಗ ಬಿಟ್ಟು ಅಂದಗೊಳಿಸಿತ್ತು. ಅಚ್ಚುಕೂಟದ ಕಾಯಿದೆ ಅದು.

"ಅವನು ಅವಸರದಲ್ಲಿ ಒತ್ತಿದ್ದಲ್ಲ," ಎಂದಳು ಮೆಲ್ಲಗೆ. "ಅದು ಹಾಗೇ ಇರ್ಬೇಕು. ನಡುವೆ ಜಾಗ ಬಿಟ್ರೆ ಸರ್ವರಿಗೆ ಅರ್ಥ ಆಗಲ್ಲ."

ನಲವತ್ತು ಸಾಲುಗಳಲ್ಲಿ ಎಂಬತ್ತು ಜಾಗಗಳನ್ನು ಅಳಿಸಿದಳು. ಒಂದೊಂದನ್ನು ಅಳಿಸುವಾಗಲೂ ತಾನು ತಮ್ಮನಿಗೆ ಬೈದ ಒಂದೊಂದು ಬೈಗುಳವನ್ನು ಹಿಂದಕ್ಕೆ ತೆಗೆದುಕೊಂಡಂತೆ ಅವಳಿಗೆ ಅನಿಸಿತು. ಕೊನೆಯ ಸಾಲಿನ ಬಲಗಡೆ ಮಾತ್ರ ಖಾಲಿಯಿತ್ತು. ಒಳಗೆ ಬಂದವರಿಗೆ ಮೊದಲು ಕಾಣುವ ಮಾತನ್ನು ಅಲ್ಲಿ ಬರೆಯಬಹುದಾಗಿತ್ತು. ತಮ್ಮ ಏನೂ ಬರೆದಿರಲಿಲ್ಲ. ಅಕ್ಕ ಅಲ್ಲಿ ಎರಡು ವಾಕ್ಯ ಬರೆದಳು.

"ಕಂಪನಿಯವರು ಮತ್ತೆ ಬರ್ತಾರೆ ಅಕ್ಕ. ಈ ಸಲ ಕಾಗದ ಹಿಡ್ಕೊಂಡು ಬರ್ತಾರೆ."

"ಬರ್ಲಿ. ಕಾಗದ ಓದೋದೇ ನನ್ನ ಕಸುಬು."

ಸರ್ವರ್ ಎದ್ದಿತು. ಗ್ರೀಸು ತನ್ನ ಫೋನಿನಿಂದ ಅದರೊಳಗೆ ಹೋದ. ಅದು ಅವನ ಹೆಸರು ಕೇಳಲಿಲ್ಲ. ಪರದೆಯ ಮೇಲೆ ಕಂಡದ್ದನ್ನು ಅವನು ಗಟ್ಟಿಯಾಗಿ ಓದಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ಫೋನನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಉಳಿದದ್ದನ್ನು ಅಕ್ಕನೇ ಹೇಳಿದಳು, ದಿನವೂ ದೇವರ ಮುಂದೆ ಹೇಳುವ ದನಿಯಲ್ಲಿ.

"ತಂತಿ ಮುಟ್ಟುವ ಮುಂಚೆ ಇನ್ನೊಂದು ಸಲ ನೋಡಿ, ಕ್ಷೇಮವಾಗಿ ಮನೆಗೆ ಹೋಗಿ. ದೇವರೇ, ಈ ಬಾಗಿಲು ತೆರೆದಿಟ್ಟವನಿಗೆ ಶಾಂತಿ ಕೊಡು."